ಹಿಲ್ಲೆವಿ ರಾಸ್ಕ್ ಎಳೆದ ಕೆಂಪು ಗೆರೆ

ಹಮ್ಮರ್‌ನೇಸಿನ ರಾಸ್ಕ್ ಮನೆಯವರು ನಾಲ್ಕು ತಲೆಮಾರಿನಿಂದ ನೀರನ್ನು ನಿಲ್ಲಿಸಿ ಬದುಕಿದವರು. ಹರಿಯುವ ನೀರಿನಿಂದ ಕಬ್ಬಿಣದ ಕಾರ್ಖಾನೆಯವರು ಸುತ್ತಿಗೆ ಓಡಿಸಿ ಹಣ ಮಾಡಿದರು. ಹೆಪ್ಪುಗಟ್ಟಿ ನಿಂತ ನೀರಿನಿಂದ ರಾಸ್ಕ್ ಮನೆಯವರು ಹೆಸರು ಮಾಡಿದರು.

ಮೊದಲನೆಯವನು ಯೋನ್ಸ್. ರಾಜನ ಸೈನ್ಯದಲ್ಲಿ ಸಿಪಾಯಿ. ಒಂದೇ ದಳದಲ್ಲಿ ಏಳು ಮಂದಿ ಯೋನ್ಸ್ ಇದ್ದುದರಿಂದ ದಳಪತಿ ಇವನಿಗೆ ರಾಸ್ಕ್ ಎಂದು ಹೆಸರಿಟ್ಟ. ಚುರುಕಿನವನು ಎಂದು ಅರ್ಥ. ಅವನ ಚುರುಕು ಕಾಲಿನಲ್ಲಿರಲಿಲ್ಲ, ಕಿವಿಯಲ್ಲಿತ್ತು. ಬರ್ಚ್ ಮರದ ಕೋಲಿನ ಒಂದು ತುದಿಯನ್ನು ಸರೋವರದ ಮಂಜುಗಡ್ಡೆಗೂ ಇನ್ನೊಂದನ್ನು ಕಿವಿಗೂ ಒತ್ತಿ ಹಿಡಿದು, ಇವತ್ತು ಇದರ ಮೇಲೆ ಕುದುರೆ ಹೋಗಬಹುದೋ, ಬರೀ ಮನುಷ್ಯ ಹೋಗಬಹುದೋ ಹೇಳಿಬಿಡುತ್ತಿದ್ದ. ಚರ್ಚಿನ ದೊಡ್ಡ ಗಂಟೆಯನ್ನು ಆಚೆ ದಡದಿಂದ ಜಾರುಬಂಡಿಯಲ್ಲಿ ತಂದಾಗ ಕುದುರೆಗಳ ಮುಂದೆ ಕೋಲು ಹಿಡಿದು ನಡೆದವನು ಇವನೇ. ಆ ಗಂಟೆ ಇವತ್ತಿಗೂ ಮೊಳಗುತ್ತದೆ.

ಯೋನ್ಸನ ಮಗ ಎಸ್ಬ್ಯೋರ್ನ್ ಮಂಜುಗಡ್ಡೆ ಕೊಯ್ದವನು. ಜನವರಿಯಲ್ಲಿ ಸರೋವರದಿಂದ ಗರಗಸದಲ್ಲಿ ಹಾಸುಗಲ್ಲಿನಂತೆ ಕೊಯ್ದು, ಮರದ ಹೊಟ್ಟಿನಲ್ಲಿ ಹೂತಿಟ್ಟು, ನಡುಬೇಸಿಗೆಯ ಹಬ್ಬಕ್ಕೆ ಬೀರಿನ ಪೀಪಾಯಿಗಳಿಗೆ ಒದಗಿಸುತ್ತಿದ್ದ. ಈ ವರ್ಷದ ಗಡ್ಡೆಯನ್ನು ಮುಂದಿನ ಚಳಿಗಾಲ ಮುಟ್ಟಿಸಲು ಸಾಧ್ಯವೇ ಇಲ್ಲವೆಂದು ಕಾರ್ಖಾನೆಯ ಮ್ಯಾನೇಜರು ಹಂಗಿಸಿದರಂತೆ. ನವೆಂಬರಿನಲ್ಲಿ ಎಸ್ಬ್ಯೋರ್ನ್ ಹಳೆಯ ಗಡ್ಡೆಯೊಂದನ್ನು ಹೊತ್ತು ತಂದು ಅವರ ಮೇಜಿನ ಮೇಲೆ ಇಟ್ಟ. ಮಾತು ಗೆದ್ದಿತು, ಮ್ಯಾನೇಜರ ರತ್ನಗಂಬಳಿ ಹಾಳಾಯಿತು.

ಎಸ್ಬ್ಯೋರ್ನನ ಮಗ ಹೆಲ್ಮೆರ್. ಅವನ ಕಾಲಕ್ಕೆ ಊರಿಗೆ ಬ್ಯಾಂಡಿ ಆಟ ಬಂದಿತ್ತು. ಕಾಲಿಗೆ ಸ್ಕೇಟು ಕಟ್ಟಿ, ಬಾಗಿದ ಕೋಲು ಹಿಡಿದು, ಹನ್ನೊಂದು ಹನ್ನೊಂದು ಮಂದಿ ಒಂದು ಪುಟ್ಟ ಗಟ್ಟಿ ಚೆಂಡಿನ ಹಿಂದೆ ಬೀಳುವ ಆಟ. ಮೊದಲು ಸರೋವರದ ಮೇಲೆಯೇ ಆಡುತ್ತಿದ್ದರು. ಮೀನು ಹಿಡಿಯಲು ಕೊರೆದ ತೂತುಗಳೊಳಗೆ ಚೆಂಡು ಬಿದ್ದು ಬಿದ್ದು ಸಾಕಾಗಿ, ಹೆಲ್ಮೆರ್ ಕಾರ್ಖಾನೆಯ ಹಿಂದಿನ ಬಯಲಿಗೆ ಬೆಂಕಿ ಆರಿಸುವ ಪಂಪಿನಿಂದ ನೀರು ಕಟ್ಟಿ ನಮ್ಮ ಅಂಗಳ ಮಾಡಿದ. ಗೆರೆ ಎಳೆಯಲು ಬಣ್ಣ ಬೇಕಲ್ಲ? ನಮ್ಮ ಸೀಮೆಯಲ್ಲಿ ಮನೆ, ಕೊಟ್ಟಿಗೆ, ಶಾಲೆ, ಕಕ್ಕಸು ಎಲ್ಲಕ್ಕೂ ಬಳಿಯುವುದು ಒಂದೇ ಕೆಂಪು. ಗಣಿಯ ಕೆಮ್ಮಣ್ಣನ್ನು ರೈ ಹಿಟ್ಟಿನ ಗಂಜಿಯಲ್ಲಿ ಕುದಿಸಿ ಮಾಡುವ ಬಣ್ಣ. ಹೆಲ್ಮೆರ್ ಅದನ್ನೇ ಮಂಜುಗಡ್ಡೆಗೂ ಬಳಿದ. ಜನ ಭಲೆ ಎಂದರು.

ಈ ಮೂವರ ಹೆಸರು ಹೇಳದೆ ಹಿಲ್ಲೆವಿಯ ಹೆಸರು ಹೇಳಿದರೆ ಅವಳು ನನ್ನನ್ನು ಅಂಗಳದ ಬಾಗಿಲಲ್ಲೂ ನಿಲ್ಲಿಸುತ್ತಿರಲಿಲ್ಲ. ಆ ಬಾಗಿಲಲ್ಲಿ ನಿಂತು ಟಿಕೆಟ್ ಹರಿಯುವುದು ನನ್ನ ಕೆಲಸವಾಗಿತ್ತು.

ಹಿಲ್ಲೆವಿ ಹೆಲ್ಮೆರನ ಒಬ್ಬಳೇ ಮಗಳು. ಅಪ್ಪನ ಸೊಂಟ ಬಿದ್ದಾಗ ಅವಳಿಗೆ ಇಪ್ಪತ್ತೆರಡು. ಹೆಂಗಸೊಬ್ಬಳು ಅಂಗಳ ನೋಡಿಕೊಳ್ಳಬಹುದೇ ಎಂದು ಕ್ಲಬ್ಬಿನ ಸಮಿತಿ ಮೂರು ಸಭೆ ಕೂತಿತು. ಮೂರನೆಯ ಸಭೆ ಮುಗಿಸಿ ಅವರು ಹೊರಗೆ ಬರುವಷ್ಟರಲ್ಲಿ ಅವಳು ಅಂಗಳಕ್ಕೆ ನೀರು ಕಟ್ಟಿ, ಅದು ಗಾಜಿನಂತೆ ಹೆಪ್ಪುಗಟ್ಟಿ, ಆಟಗಾರರು ಅದರ ಮೇಲೆ ಇಳಿದಾಗಿತ್ತು. ಆ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ.

ಆಳು ಗಿಡ್ಡ, ಅಗಲ. ಕಾಲಿಗೆ ಕಂಬಳಿ ಬೂಟು, ತಲೆಗೆ ಅಪ್ಪನ ಟೋಪಿ. ಮದುವೆ ಯಾಕಾಗಲಿಲ್ಲ ಎಂದು ಯಾರಾದರೂ ಕೇಳಿದರೆ, "ಚಳಿಗಾಲದಲ್ಲಿ ಪುರುಸೊತ್ತಿಲ್ಲ, ಬೇಸಿಗೇಲಿ ಮನಸ್ಸಿಲ್ಲ" ಎನ್ನುತ್ತಿದ್ದಳು. ಪೀಪಾಯಿ ಕಟ್ಟಿದ ಜಾರುಬಂಡಿಯೊಂದು ಅವಳಿಗಿತ್ತು. ಕಾರ್ಖಾನೆಯಿಂದ ಬಿಸಿನೀರು ತುಂಬಿ, ಹಿಂದೆ ಗೋಣಿಬಟ್ಟೆ ಇಳಿಬಿಟ್ಟು, ಅಂಗಳದ ಉದ್ದಗಲಕ್ಕೂ ಒಬ್ಬಳೇ ಎಳೆಯುವಳು. ಬಿಸಿನೀರು ಎಳೆದರೆ ಮೇಲ್ಮೈ ದೋಸೆಯ ಕಾವಲಿಯಂತೆ ನುಣ್ಣಗಾಗುತ್ತದೆ, ಗುಳ್ಳೆ ಏಳುವುದಿಲ್ಲ. ಯಾರಿಂದಲೂ ಒಂದು ಕೈ ಸಹಾಯ ತೆಗೆದುಕೊಂಡವಳಲ್ಲ. ಒಮ್ಮೆ ಜಾರಿ ಬಿದ್ದು ಮುಂಗೈ ಮುರಿದಾಗ, ಮುರಿದ ಬ್ಯಾಂಡಿ ಕೋಲನ್ನೇ ದಬ್ಬೆ ಮಾಡಿ ಹಲ್ಲಿನಿಂದ ಗಂಟು ಬಿಗಿದು, ಉಳಿದ ಅರ್ಧ ಅಂಗಳಕ್ಕೂ ನೀರೆಳೆದು ಆಮೇಲೆ ಡಾಕ್ಟರ ಹತ್ತಿರ ಹೋದಳು.

ನಾನು ಹೇಳುತ್ತಿರುವುದು ಅರವತ್ತರ ದಶಕದ ಮಾತು. ಹಿಲ್ಲೆವಿಗೆ ಐವತ್ತೆಂಟು. ಆ ವರ್ಷ ನಮ್ಮ ದೇಶದಲ್ಲಿ ನಾಲ್ಕು ದೇಶಗಳ ಬ್ಯಾಂಡಿ ಪಂದ್ಯಾವಳಿ ನಡೆಯುವುದಿತ್ತು: ನಾವು, ಸೋವಿಯತ್‌ನವರು, ಫಿನ್ಲೆಂಡಿನವರು, ನಾರ್ವೆಯವರು. ಪಂದ್ಯಗಳನ್ನು ಊರೂರಿಗೆ ಹಂಚುತ್ತಾರೆಂದು ಸುದ್ದಿ ಬಂದಾಗ ನಮ್ಮ ಕ್ಲಬ್ಬಿನ ಅಧ್ಯಕ್ಷ, ಬೇಕರಿಯ ಫೋಲ್ಕೆ, ಅರ್ಜಿ ಮೇಲೆ ಅರ್ಜಿ ಗುಜರಾಯಿಸಿದ. ಒಂದು ದಿನ ಹಿಟ್ಟಿನ ಕೈಯಲ್ಲೇ ತಂತಿ ಕಾಗದ ಹಿಡಿದು ಅಂಗಳದ ಪಕ್ಕದ ಅವಳ ಗುಡಿಸಿಲಿಗೆ ಓಡಿ ಬಂದ.

"ಹಿಲ್ಲೆವಕ್ಕಾ, ಬಂತು! ಅಂತರರಾಷ್ಟ್ರೀಯ ಪಂದ್ಯ ನಮ್ಮೂರಿಗೆ ಬಂತು!"

"ಯಾರ್ ಯಾರಿಗೆ?"

"ಫಿನ್ಲೆಂಡಿಗೂ ನಾರ್ವೆಗೂ."

"ಅಂದ್ರೆ ಯಾರಿಗೂ ಬೇಡದ್ದು ನಮ್ಗೆ ಕಳ್ಸವ್ರೆ."

"ರಾಷ್ಟ್ರಗೀತೆ ಹಾಕ್ತಾರೆ ಅಕ್ಕಾ. ಒಂದಲ್ಲ, ಎರಡು!"

"ಯಾವತ್ತು?"

"ಮಾರ್ಚ್, ಎರಡನೇ ಭಾನುವಾರ."

ನಮ್ಮಲ್ಲಿ ಫೆಬ್ರವರಿ ಮುಗಿಯುವುದರೊಳಗೆ ಆಟ ಮುಗಿಯುತ್ತಿತ್ತು. ಮಾರ್ಚಿನಲ್ಲಿ ಅಂಗಳವನ್ನು ಅದರ ಪಾಡಿಗೆ ಬಿಟ್ಟು ಬಿಡುವುದು ವಾಡಿಕೆ. ಆದರೆ ಆಗುವುದಿಲ್ಲ ಎನ್ನುವ ಮಾತು ಆ ಮನೆತನದ ಬಾಯಲ್ಲಿ ಬಂದದ್ದಿಲ್ಲ. "ಐಸು ಇರುತ್ತೆ," ಎಂದಳು ಹಿಲ್ಲೆವಿ, ಅಷ್ಟೆ.

ಜನವರಿಯ ಕೊನೆಗೆ ರಾಜಧಾನಿಯ ಬ್ಯಾಂಡಿ ಒಕ್ಕೂಟದಿಂದ ಪರಿವೀಕ್ಷಕರ ಪತ್ರ ಬಂತು. ಹೆಸರು ಸೆಡೆರ್‌ಹೋಲ್ಮ್. ಜೊತೆಗೆ ರೈಲಿನಲ್ಲಿ ಮೂರು ಡಬ್ಬಿ ತೆಳುವಾದ ಕೆಂಪು ಬಣ್ಣ. ಮಾರ್ಚಿನ ಪಂದ್ಯಗಳಿಗೆ ಎಲ್ಲ ಊರಿನವರೂ ಇದನ್ನೇ ಬಳಸತಕ್ಕದ್ದು ಎಂಬ ಸೂಚನೆ. ಹಿಲ್ಲೆವಿ ಒಂದು ಡಬ್ಬಿ ತೆರೆದು ಬೆರಳದ್ದಿ ನೋಡಿದಳು. ಮೂಗು ಮುರಿದಳು. ಅದೇ ರೈಲಿಗೆ ಮೂರೂ ಡಬ್ಬಿ ವಾಪಸು ಹೋದವು, ಒಂದು ಚೀಟಿಯೊಂದಿಗೆ: "ಹಮ್ಮರ್‌ನೇಸಿನಲ್ಲಿ ಕೆಂಪಿಗೆ ಕೊರತೆಯಿಲ್ಲ. ಡಬ್ಬಿಗಳು ಚೆನ್ನಾಗಿವೆ. ಹಿಲ್ಲೆವಿ ರಾಸ್ಕ್."

ಪಂದ್ಯದ ಹಿಂದಿನ ಮಂಗಳವಾರ ಅವಳು ಅಪ್ಪನ ಕಡಾಯಿಯಲ್ಲಿ ಕೆಮ್ಮಣ್ಣು ಕುದಿಸಿದಳು. ಎಂದಿಗಿಂತ ಗಟ್ಟಿಯಾಗಿ, ಎಂದಿಗಿಂತ ಅಗಲವಾಗಿ, ಎರಡು ದೇಶದವರು ನೋಡಿ ಮೆಚ್ಚುವಂತೆ ಗೆರೆ ಎಳೆದಳು. ಬುಧವಾರ ಬಿಸಿಲು ಬಂತು. ಗುರುವಾರ ಬಿಸಿಲು. ಶುಕ್ರವಾರ ಇನ್ನೂ ಒಳ್ಳೆಯ ಬಿಸಿಲು. ಊರಿನವರೆಲ್ಲ ಬಾಗಿಲ ಮುಂದೆ ಕೂತು ಮುಖ ಕಾಯಿಸಿಕೊಂಡೆವು.

ಶನಿವಾರ ಎರಡು ಗಂಟೆಗೆ ಸೆಡೆರ್‌ಹೋಲ್ಮ್ ಅಂಗಳಕ್ಕೆ ಇಳಿದರು. ತೆಳ್ಳಗಿನ ಮನುಷ್ಯ, ಬೂಟಿನ ಮೇಲೆ ರಬ್ಬರಿನ ಬೂಟು. ಮಂಜುಗಡ್ಡೆಯನ್ನು ಹಿಮ್ಮಡಿಯಿಂದ ಒದ್ದು ನೋಡಿ, "ಐಸು ಬಹಳ ಚೆನ್ನಾಗಿದೆ," ಎಂದರು. ಹಿಲ್ಲೆವಿ ಎದೆ ಸೆಟೆಸಿದಳು. ಆಮೇಲೆ ಅವರು ಜೇಬಿನಿಂದ ಕಿತ್ತಳೆ ಬಣ್ಣದ ಚೆಂಡು ತೆಗೆದು ಗೋಲಿನ ಕಡೆಗೆ ಮೆಲ್ಲಗೆ ಉರುಳಿಸಿದರು.

ಚೆಂಡು ಗೋಲಿನ ಗೆರೆಯವರೆಗೆ ಹೋಯಿತು. ಗೆರೆಯೊಳಕ್ಕೆ ಬಿತ್ತು. ಬಿದ್ದದ್ದು ನಿಲ್ಲದೆ, ಮೋರಿಯಲ್ಲಿ ಹೋಗುವ ನಿಂಬೆಹಣ್ಣಿನಂತೆ ಗೆರೆಯ ಗುಂಟ ಉರುಳಿ, ಗೋಲುಗಂಬ ದಾಟಿ, ಮೂಲೆಯ ಬಾವುಟದ ಹತ್ತಿರ ಹೋಗಿ ಕೂತಿತು.

ಹಿಲ್ಲೆವಿ ಬಗ್ಗಿ ಗೆರೆಗೆ ಬೆರಳಿಟ್ಟಳು. ಎರಡು ಬೆರಳ ಆಳ. ಡಿಸೆಂಬರ್ ಜನವರಿಯ ಸೂರ್ಯ ನಮ್ಮಲ್ಲಿ ಫರ್ ಮರಗಳ ತಲೆ ಮೇಲೆ ಏಳಲಾರದೆ ಬಿದ್ದುಹೋಗುತ್ತಾನೆ. ಅವನಿಗೆ ಕೆಮ್ಮಣ್ಣೂ ಒಂದೇ, ಬಿಳಿ ಹಿಮವೂ ಒಂದೇ. ಮಾರ್ಚಿನವನು ಹಾಗಲ್ಲ. ಗಟ್ಟಿ ಕೆಮ್ಮಣ್ಣು ಮೂರು ದಿನ ಬಿಸಿಲು ಕುಡಿದು ಕಾದು, ಮಂಜುಗಡ್ಡೆಯನ್ನು ಕರಗಿಸಿಕೊಂಡು ಒಳಗೆ ಇಳಿದಿತ್ತು.

"ರಾಸ್ಕ್ ಅವರೇ," ಎಂದರು ಸೆಡೆರ್‌ಹೋಲ್ಮ್, "ನಾನು ಡಬ್ಬಿ ಕಳಿಸಿದ್ದೆ."

"ಕಳ್ಸಿದ್ರಿ ಪರಿವೀಕ್ಷಕರೇ."

"ಈಗ ನನ್ನ ಹತ್ತಿರ ಒಂದೂ ಉಳಿದಿಲ್ಲ. ನಾಳೆ ಹತ್ತು ಗಂಟೆಗೆ ಮತ್ತೆ ನೋಡುತ್ತೇನೆ. ಗೆರೆ ಕೆಂಪಗಿರಬೇಕು, ಐಸಿಗೆ ಸಮವಾಗಿರಬೇಕು. ಇಲ್ಲದಿದ್ದರೆ ಫೋನ್ ಮಾಡಿ ಎರಡೂ ತಂಡದ ಬಸ್ಸನ್ನು ಯಂತ್ರದ ಐಸು ಇರುವ ಊರಿಗೆ ತಿರುಗಿಸಬೇಕಾಗುತ್ತದೆ. ನನಗೂ ಬೇಜಾರೇ."

ಫೋಲ್ಕೆ ಅಲ್ಲೇ ಬೇಲಿಯ ಮೇಲೆ ಕುಸಿದು ಕೂತ. ನಾಲ್ಕು ನೂರು ಬನ್ನು ಬೇಯಿಸಿದ್ದ ಅವನು. ಬನ್ನಿನ ಮಾತು ಹಾಗಿರಲಿ, ಹಮ್ಮರ್‌ನೇಸಿಗೆ ಅಂಥ ಪಂದ್ಯ ಇನ್ನೊಂದು ಸಲ ಬರುವುದಿಲ್ಲವೆಂದು ಎಲ್ಲರಿಗೂ ಗೊತ್ತಿತ್ತು.

ನಾವು ಏಳೆಂಟು ಮಂದಿ ಗುದ್ದಲಿ ಹಿಡಿದು ಹೋದೆವು. ಹಿಲ್ಲೆವಿ ತಲೆ ಎತ್ತದೆ, "ಆಚೆ ನಿಂತ್ಕೊಳ್ರಿ, ಕೆಡಿಸಿದ್ದು ನಾನು," ಎಂದು ಗದರಿಸಿ, ಉಳಿ ಹಿಡಿದು ಒಬ್ಬಳೇ ಕೆಮ್ಮಣ್ಣು ಕೆತ್ತಿದಳು. ಹಿಮಕ್ಕೆ ನೀರು ಕಲಸಿ ಹಿಟ್ಟಿನ ಮುದ್ದೆಯಂತೆ ಮಾಡಿ, ಗಾಯಕ್ಕೆ ಔಷಧಿ ತುಂಬುವ ಹಾಗೆ ಗೆರೆಯ ಗುಂಟ ಒತ್ತುತ್ತಾ ಹೋದಳು. ಚಳಿ ಏರುತ್ತಿತ್ತು, ಒತ್ತಿದ್ದು ಒತ್ತಿದ ಹಾಗೇ ಬಿಗಿಯುತ್ತಿತ್ತು. ಬೆಳಕು ಹೋಗುವ ಹೊತ್ತಿಗೆ ಅಂಗಳವೆಲ್ಲ ಸಮವಾಗಿತ್ತು. ಬಿಳಿ ಕಾಗದದಂತೆ, ಒಂದು ಗೆರೆಯೂ ಇಲ್ಲದೆ.

ಕೆಮ್ಮಣ್ಣು ಮತ್ತೆ ಬಳಿದರೆ ನಾಳೆಯ ಬಿಸಿಲಿಗೆ ಮತ್ತೆ ಇಳಿಯುತ್ತಿತ್ತು. ಬೇರೆ ಕೆಂಪು ಎಲ್ಲಿಂದ ತರುವುದು? ಅಂಗಡಿಗಳು ಮಧ್ಯಾಹ್ನವೇ ಮುಚ್ಚಿದ್ದವು. ಫೋಲ್ಕೆಯ ಬಳಿ ಕೇಕಿಗೆ ಹಾಕುವ ಬಣ್ಣ ಹೆಬ್ಬೆರಳು ಗಾತ್ರದ ಸೀಸೆಯಲ್ಲಿ ಒಂದಿತ್ತು. "ಗೋಲಿನ ಮುಂದೆ ಒಂದು ಚುಕ್ಕೆ ಇಡಬೋದು," ಎಂದು ಹಿಲ್ಲೆವಿ ಅದನ್ನು ಅವನಿಗೇ ಹಿಂತಿರುಗಿಸಿದಳು.

ಆಗ ಬಂದವಳು ಅಸ್ತಾ, ಕಾರ್ಖಾನೆಯ ಕ್ಯಾಂಟೀನಿನ ಅಡುಗೆಯವಳು. ಹಿಲ್ಲೆವಿಯ ಜೊತೆ ಒಂದೇ ಬೆಂಚಿನಲ್ಲಿ ಓದಿದವಳು. ಹಿಲ್ಲೆವಿಯನ್ನು ಬಾಯಿಗೆ ಬಂದಂತೆ ಬಯ್ಯಬಲ್ಲವಳು ಊರಿನಲ್ಲಿ ಅಸ್ತಾ ಒಬ್ಬಳೇ. ಕೈಯಲ್ಲಿ ತಟ್ಟೆ. ತಟ್ಟೆಯಲ್ಲಿ ಹುರಿದ ಹಂದಿಮಾಂಸ, ಆಲೂಗಡ್ಡೆ ದೋಸೆ, ಪಕ್ಕದಲ್ಲಿ ರಸದೊಂದಿಗೆ ಲಿಂಗನ್, ನಮ್ಮ ಕಾಡಿನಲ್ಲಿ ಬಿಡುವ ಹುಳಿ ಕೆಂಪು ಹಣ್ಣು.

"ತಿನ್ನು. ಬೆಳಿಗ್ಗೆಯಿಂದ ಹೊಟ್ಟೆಗೆ ಏನೂ ಹಾಕಿಲ್ಲ ನೀನು."

"ಹಸಿವಿಲ್ಲ."

"ನಿಮ್ಮಪ್ಪ ಬಣ್ಣ ಬಳಿದ ಕೊಟ್ಟಿಗೆ ನಲವತ್ತು ವರ್ಷ ಆದ್ರೂ ಮಾಸಿಲ್ಲ, ಹೌದು. ಅದಕ್ಕೇ ಅಂತ ಐಸಿಗೂ ಅದನ್ನೇ ಮೆತ್ತಿದ್ಯಲ್ಲೇ, ಐಸೇನು ನಲವತ್ತು ವರ್ಷ ಇರುತ್ತಾ?"

"ಹೋಗೇ ಇಲ್ಲಿಂದ!" ಹಿಲ್ಲೆವಿ ಕೈ ಬೀಸಿದಳು. ತಟ್ಟೆ ಓರೆಯಾಯಿತು. ದೋಸೆಯನ್ನು ಅಸ್ತಾ ಹಿಡಿದುಕೊಂಡಳು. ಲಿಂಗನ್ ರಸ ಮಾತ್ರ ಗುಡಿಸಿಲ ಮುಂದಿನ ಮಂಜುಗಡ್ಡೆಯ ಮೇಲೆ ಚೆಲ್ಲಿ ಹರಿಯಿತು.

ಅಸ್ತಾ ಬಯ್ಯುತ್ತಲೇ ಇದ್ದಳು. ಹಿಲ್ಲೆವಿ ಕೇಳುತ್ತಿರಲಿಲ್ಲ. ರಸ ಅವಳ ಕಣ್ಣೆದುರೇ ಹೆಪ್ಪುಗಟ್ಟಿತು. ಕೆನ್ನೆಯಂಥ ಕೆಂಪು. ಮೊಣಕಾಲೂರಿ ಕೈಗವಸಿನಿಂದ ಉಜ್ಜಿದಳು. ಹೋಗಲಿಲ್ಲ. ಉಗುರಿನಿಂದ ಕೆರೆದಳು. ನೀರಿನಷ್ಟೇ ತೆಳುವು, ಬಿಸಿಲು ಕುಡಿದು ಕಾಯಲು ಮಣ್ಣಿನ ಕಣವೊಂದಿಲ್ಲ.

"ಅಸ್ತಾ, ಇದ್ರಲ್ಲಿ ಸಕ್ಕರೆ ಇದೆಯಾ?" ಸಕ್ಕರೆಯಿದ್ದರೆ ಮಂಜುಗಡ್ಡೆ ಅಂಟು ಹಿಡಿಯುತ್ತದೆ.

"ಬರೀ ನೀರಲ್ಲಿ ನೆನೆಸಿಟ್ಟಿದ್ದು, ಅಮ್ಮ ಮಾಡ್ತಿದ್ದ ಹಾಗೆ. ನನ್ನನ್ನೇನು ಪಟ್ಟಣದೋಳು ಅಂದ್ಕೊಂಡ್ಯಾ?"

"ಎಷ್ಟಿದೆ?"

"ಕ್ಯಾಂಟೀನಲ್ಲಿ ಆರು ಜಾಡಿ."

ಹಿಲ್ಲೆವಿ ಅಂಗಳದ ಕಡೆ ನೋಡಿದಳು. ನಾಲ್ಕು ಬದಿ, ನಡುಗೆರೆ, ಎರಡು ಗೋಲಿನ ಮುಂದೆ ಎರಡು ದೊಡ್ಡ ಅರ್ಧಚಂದ್ರ. "ನಲವತ್ತಾದ್ರೂ ಬೇಕು."

"ಹಾಗಾದ್ರೆ ಕೇಳ್ಬೇಕು."

"ಯಾರು?"

"ನೀನು ಕಣೇ. ನಾನು ಕೇಳಿದ್ರೆ ಕ್ಯಾಂಟೀನಿಗೆ ಅಂದ್ಕೊಂಡು ಬೂಸಲು ಬಂದ ಜಾಡಿ ಕೊಡ್ತಾರೆ."

ಹಿಲ್ಲೆವಿ ಆಲೂಗಡ್ಡೆ ದೋಸೆ ತೆಗೆದುಕೊಂಡು ನಿಂತಲ್ಲೇ ತಿಂದಳು. ಐವತ್ತೆಂಟು ವರ್ಷದಲ್ಲಿ ಆ ಊರಿನ ಒಂದು ಬಾಗಿಲಿಗೂ ಹೋಗಿ ಒಂದು ಸೂಜಿ ಕೇಳಿದವಳಲ್ಲ. ಉಳಿ ಹಿಡಿದು ಇಡೀ ಅಂಗಳ ಕೆತ್ತಿದ್ದು ಅವಳಿಗೆ ಕಷ್ಟವಾಗಿರಲಿಲ್ಲ. ಇದು ಕಷ್ಟ.

ರಾತ್ರಿಯೆಲ್ಲ ಮನಸ್ಸು ಗಟ್ಟಿ ಮಾಡಿಕೊಂಡು, ಭಾನುವಾರ ನಾಲ್ಕು ಗಂಟೆಗೇ ಜಾರುಬಂಡಿ ಎಳೆದುಕೊಂಡು ಮೊದಲ ಮನೆಗೆ ಹೋದಳು. ಕ್ರೇನ್ ಓಡಿಸುವವನ ಮನೆ. ಬಾಗಿಲು ತಟ್ಟಿದಳು. ಅವನ ಹೆಂಡತಿ ಶಾಲು ಸುತ್ತಿಕೊಂಡು ಬಂದು ತೆರೆದಳು.

"ಚಳಿ ಇದೆ," ಎಂದಳು ಹಿಲ್ಲೆವಿ.

"ಇದೆ ಅಕ್ಕಾ."

"ಗಾಳಿ ಇಲ್ಲ."

"ಇಲ್ಲ."

ಅಲ್ಲಿಗೆ ಹವಾಮಾನ ಮುಗಿಯಿತು. ಹಿಲ್ಲೆವಿ ಟೋಪಿ ತೆಗೆದಳು, ಮತ್ತೆ ಹಾಕಿಕೊಂಡಳು. "ನಿನ್ನ ಹತ್ರ ನೀರಿನ ಲಿಂಗನ್ ಇದೆಯಾ?"

"ಇದೆ. ಎಷ್ಟು ಬೇಕಿತ್ತು?"

"ಇರೋದಷ್ಟೂ."

ಆ ಹೆಂಗಸು ಕಣ್ಣರಳಿಸಿ ಒಳಗೆ ತಿರುಗಿ ಕೂಗಿದಳು: "ರೀ! ಏಳ್ರೀ! ಬೇಗ ಬನ್ನಿ! ಹಿಲ್ಲೆವಕ್ಕ ಏನೋ ಕೇಳ್ತಾ ಇದಾರೆ!"

ಗಂಡ ಬಂದ. ಗಂಡನ ಅಪ್ಪ ಬಂದ. ಎದುರು ಮನೆಯ ಕಿಟಕಿ ತೆರೆಯಿತು. ಹಿಲ್ಲೆವಿಯ ಮುಖ ಲಿಂಗನ್ನಿಗಿಂತ ಕೆಂಪಗಾಯಿತು. ಆದರೂ ಅವಳು ಜಾಗ ಬಿಟ್ಟು ಕದಲಲಿಲ್ಲ. "ನೋಡಿದ್ದು ಸಾಕು, ಜಾಡಿ ತನ್ನಿ," ಎಂದಳು.

ಎರಡನೆಯ ಮನೆಯಲ್ಲಿ ಕೇಳುವುದು ಸ್ವಲ್ಪ ಸುಲಭವಾಯಿತು. ಐದನೆಯ ಮನೆ ಮುಟ್ಟುವಷ್ಟರಲ್ಲಿ ಸುದ್ದಿ ಅವಳಿಗಿಂತ ಮುಂದೆ ಓಡಿ, ಜಾಡಿಗಳು ಮೆಟ್ಟಿಲ ಮೇಲೆಯೇ ಕಾದು ಕೂತಿದ್ದವು. ಹಳೆಯ ಕುಲುಮೆಯ ಪಿಂಚಣಿದಾರನೊಬ್ಬ ಮಾತ್ರ ಎರಡು ಜಾಡಿ ಎದೆಗವಚಿಕೊಂಡು ಬಾಗಿಲಲ್ಲಿ ನಿಂತಿದ್ದ. ಲಿಂಗನ್ ಹಣ್ಣು ಬಿಡುವ ಜಾಗವನ್ನು ನಮ್ಮಲ್ಲಿ ಯಾರೂ ಹೆಂಡತಿಗೂ ಹೇಳುವುದಿಲ್ಲ.

"ಎಲ್ಲಿ ಕಿತ್ತಿದ್ದು ಅಂತ ಯಾರಾದ್ರೂ ಕೇಳಿದ್ರೆ?"

"ಜಾಡಿ ಮೇಲೇ ಬರ್ದಿದೆಯಲ್ಲೋ, ಕರಡಿಗುಡ್ಡ ಅಂತ."

"ಅದು ಸುಳ್ಳು ಕಣಕ್ಕ. ಕಳ್ಳರಿಗೆ ಅಂತ ಬರ್ದಿದ್ದು."

"ಹಾಗಾದ್ರೆ ನಾನೂ ಅದೇ ಸುಳ್ಳು ಹೇಳ್ತೀನಿ, ಕೊಡು."

ಐವತ್ತಮೂರು ಜಾಡಿ ಆಯಿತು. ಕ್ಯಾಂಟೀನಿನ ದೊಡ್ಡ ಕೊಪ್ಪರಿಗೆಯಲ್ಲಿ ಅಸ್ತಾ ಅಷ್ಟನ್ನೂ ಕುದಿಸಿ ಇಳಿಸಿ, ತೊಳೆದ ಕಿಟಕಿ ಪರದೆಯಲ್ಲಿ ಹಿಂಡಿದಳು. ಕಡುಗೆಂಪು ರಸ ಇಳಿಯಿತು. ಕ್ಯಾಂಟೀನಿನ ಪರದೆಗಳು ಆಮೇಲೆ ಎಂದೂ ಬೆಳ್ಳಗಾಗಲಿಲ್ಲ.

ಬ್ರಶ್ಶಿನಲ್ಲಿ ಬಳಿದರೆ ರಸ ಹರಡುತ್ತಿತ್ತು. ಹಿಲ್ಲೆವಿ ಉದ್ದ ಕೊಕ್ಕಿನ ಕಾಫಿ ಕೆಟಲಿಗೆ ತುಂಬಿಸಿಕೊಂಡಳು. ಹುರಿ ಕಟ್ಟಿ, ಬೆನ್ನು ಹಿಂದಾಗಿ ಹೆಜ್ಜೆ ಹೆಜ್ಜೆ ಇಡುತ್ತಾ, ನೆಂಟರ ಬಟ್ಟಲಿಗೆ ಕಾಫಿ ಬಗ್ಗಿಸುವಷ್ಟು ನಾಜೂಕಾಗಿ ಸುರಿದಳು. ಬೇಲಿಯ ಆಚೆ ಊರೆಲ್ಲ ಸೇರಿತ್ತು. ಹೆಂಗಸರ ಕೈಯಲ್ಲಿ ಒಂದೊಂದು ಕೆಟಲು.

"ಅಕ್ಕಾ, ಆ ಕಡೆ ಗೆರೆ ನಾವು ಹಾಕ್ತೀವಿ, ಹೊತ್ತಾಗುತ್ತೆ!"

"ಕೆಟಲು ತುಂಬಿ ಅಲ್ಲೇ ಇಡಿ. ಒಂದೇ ಕೈ ಗೆರೆ ಇರ್ಬೇಕು. ಹತ್ತು ಕೈ ಹಾಕಿದ್ರೆ ಅದು ಗೆರೆಯಲ್ಲ, ಸಂತೆ."

ತುಂಬಿದ ಕೆಟಲು ಕೊಟ್ಟೆವು, ಖಾಲಿ ತೆಗೆದುಕೊಂಡೆವು. ಅಷ್ಟನ್ನು ಅವಳು ಒಪ್ಪಿದಳು. ಎರಡನೆಯ ಅರ್ಧಚಂದ್ರ ಮುಗಿದಾಗ ಚರ್ಚಿನ ಗಡಿಯಾರದಲ್ಲಿ ಹತ್ತಕ್ಕೆ ಏಳು ನಿಮಿಷ.

ಸೆಡೆರ್‌ಹೋಲ್ಮ್ ಬಂದರು. ಜೇಬಿನಿಂದ ಚೆಂಡು ತೆಗೆದು ಉರುಳಿಸಿದರು. ಚೆಂಡು ಗೆರೆ ದಾಟಿ ಬಲೆ ಸೇರಿತು. ಇನ್ನೊಂದು ಕಡೆಯಿಂದ ಉರುಳಿಸಿದರು. ದಾಟಿತು. ಆಮೇಲೆ ಕನ್ನಡಕ ಒರೆಸಿಕೊಂಡು ಬಗ್ಗಿದರು.

"ಇದು ಯಾವ ಬಣ್ಣ?"

"ಮನೇದು."

"ಸ್ವಲ್ಪ ತಿಳಿಯಾಯಿತೇನೋ ರಾಸ್ಕ್ ಅವರೇ. ನಿಯಮದಲ್ಲಿ ಕೆಂಪು ಎಂದಿದೆ."

"ಎಷ್ಟು ಕೆಂಪು ಅಂತ ಬರ್ದಿದೆ?"

ಸೆಡೆರ್‌ಹೋಲ್ಮ್ ನಿಯಮದ ಪುಸ್ತಕ ತೆಗೆದು ಪುಟ ತಿರುವಿದರು. ಮುನ್ನೂರು ಜನ ಬೇಲಿಯ ಮೇಲೆ ಬಗ್ಗಿ ಆ ಪುಟಗಳನ್ನು ನೋಡಿದೆವು. ಕೊನೆಗೆ ಪುಸ್ತಕ ಮುಚ್ಚಿ, "ಎಷ್ಟು ಎಂದು ಬರೆದಿಲ್ಲ," ಎಂದರು. "ಆದರೆ ಬಿಸಿಲು ಏರುತ್ತಿದೆ. ಆಟದ ಮಧ್ಯೆ ಗೆರೆ ಇಳಿದರೆ ಪಂದ್ಯ ನಿಲ್ಲಿಸುತ್ತೇನೆ."

"ನಿಲ್ಸಿ," ಎಂದಳು ಹಿಲ್ಲೆವಿ.

ಒಂದು ಗಂಟೆಗೆ ಅಂಗಳದ ಸುತ್ತ ಮೂರು ಸಾವಿರ ಜನ. ಒಬ್ಬೊಬ್ಬರ ಕೈಯಲ್ಲೂ ಬ್ಯಾಂಡಿಗೆಂದೇ ಇಟ್ಟ ಕಂದು ತೊಗಲಿನ ಚೀಲ. ಚೀಲದಲ್ಲಿ ಕಾಫಿ ಫ್ಲಾಸ್ಕು. ಕಾಫಿಯಲ್ಲಿ ಏನು ಬೆರೆತಿದೆಯೆಂದು ಬಾಗಿಲಲ್ಲಿ ನಿಂತ ನಾನು ಕೇಳಲಿಲ್ಲ. ಎರಡು ರಾಷ್ಟ್ರಗೀತೆ ಹಾಕಿದರು. ಫೋಲ್ಕೆ ಎರಡಕ್ಕೂ ಅತ್ತ.

ಆಟ ಬಿರುಸಾಗಿತ್ತು. ನಾರ್ವೆಯವರು ಉದ್ದುದ್ದ ಹೊಡೆದರು, ಫಿನ್ಲೆಂಡಿನವರು ಗಿಡ್ಡಗಿಡ್ಡಕ್ಕೆ ಹೆಣೆದರು. ವಿರಾಮಕ್ಕೆ ಎರಡು ಎರಡು. ಆಟಗಾರರು ಒಳಗೆ ಹೋದದ್ದೇ ತಡ, ಕಾಡುಹಣ್ಣೆಂದರೆ ಬಾಯಿಬಿಡುವ ರೇಷ್ಮೆಬಾಲದ ಹಕ್ಕಿಗಳ ಹಿಂಡೊಂದು ಕಾರ್ಖಾನೆಯ ಮೇಲಿಂದ ಬಂದು ಗೋಲಿನ ಗೆರೆಯ ಗುಂಟ ಸಾಲಾಗಿ ಕೂತುಬಿಟ್ಟಿತು. ಕಿಟಕಿ ಪರದೆ ತಪ್ಪಿಸಿಕೊಂಡು ಬಂದ ಹಣ್ಣಿನ ಸಿಪ್ಪೆಗಳು ಅಲ್ಲಲ್ಲಿ ಹೆಪ್ಪುಗಟ್ಟಿದ್ದವು. ಹಿಲ್ಲೆವಿ ಪೊರಕೆ ಎತ್ತಿಕೊಂಡು ಓಡಿದಳು.

"ಅಕ್ಕಾ, ಅವಕ್ಕೆ ಟಿಕೆಟ್ ಹರ್ದಿದ್ಯಾ ಕೇಳಿ!" ಎಂದು ಯಾರೋ ಕೂಗಿದರು.

"ಕುಡ್ದಿರೋದು ಸಾಕು, ಫ್ಲಾಸ್ಕ್ ಮುಚ್ಚೋ!"

ಹಕ್ಕಿಗಳು ಈ ಗೋಲಿನಿಂದ ಎದ್ದು ಆ ಗೋಲಿಗೆ ಹೋದವು. ಹಿಲ್ಲೆವಿ ಅಲ್ಲಿಗೂ ಓಡಿದಳು. ಆ ದಿನದ ಅತಿ ದೊಡ್ಡ ಚಪ್ಪಾಳೆ ಬಿದ್ದದ್ದು ಆಗಲೇ.

ದ್ವಿತೀಯಾರ್ಧದಲ್ಲಿ ಬಿಸಿಲು ನೇರವಾಗಿ ಉತ್ತರದ ಗೋಲಿನ ಮೇಲೆ ಬಿತ್ತು. ಹಿಲ್ಲೆವಿ ಆ ಗೋಲಿನ ಹಿಂದೆ ಮಂಡಿಯೂರಿ ಕೂತವಳು ಆಟ ನೋಡಲಿಲ್ಲ, ಗೆರೆಯನ್ನೇ ನೋಡುತ್ತಿದ್ದಳು. ಸೆಡೆರ್‌ಹೋಲ್ಮ್ ಪಕ್ಕದಲ್ಲಿ ನಿಂತು ಅದನ್ನೇ ನೋಡುತ್ತಿದ್ದರು. ಗೆರೆ ತುಸು ಹೊಳೆಯತೊಡಗಿತ್ತು. ಮೇಲೆ ತೇವ ಬಂದಿತ್ತು. ಇಳಿದಿದೆಯೋ ಇಲ್ಲವೋ, ಕಣ್ಣಿಗೆ ತಿಳಿಯುವಂತಿರಲಿಲ್ಲ.

ಮುಗಿಯಲು ಎರಡು ನಿಮಿಷ ಇರುವಾಗ ಫಿನ್ಲೆಂಡಿನ ನಾಯಕ ಮಧ್ಯದಿಂದ ನುಗ್ಗಿ ಬಂದ. ಹೊಡೆದ ಚೆಂಡು ಒಬ್ಬನ ಸ್ಕೇಟಿಗೆ ತಗುಲಿ ವೇಗ ಕಳೆದುಕೊಂಡಿತು. ನಾರ್ವೆಯ ಗೋಲ್‌ಕೀಪರ್ ಆ ಕಡೆ ಬಿದ್ದಿದ್ದ, ಚೆಂಡು ಈ ಕಡೆ. ಬಸುರಿ ನಡೆದ ಹಾಗೆ ನಿಧಾನವಾಗಿ ಉರುಳುತ್ತಾ ಅದು ಗೆರೆಯ ಕಡೆ ಬಂತು. ಮೂರು ಸಾವಿರ ಜನಕ್ಕೂ ಅಷ್ಟು ಹೊತ್ತಿಗೆ ಗೆರೆಯ ಕಥೆ ಗೊತ್ತಾಗಿತ್ತು. ಒಂದು ಕೆಮ್ಮಿಲ್ಲ, ಒಂದು ಫ್ಲಾಸ್ಕಿನ ಸದ್ದಿಲ್ಲ. ಹಿಲ್ಲೆವಿಯ ಬಾಯಿ ತೆರೆದೇ ಇತ್ತು. ಚೆಂಡು ಗೆರೆ ಮುಟ್ಟಿತು, ಹತ್ತಿತು, ದಾಟಿತು. ಬಲೆಗೆ ಮೂಗು ತಾಗಿಸಿ ನಿಂತಿತು.

ನಮ್ಮ ದೇಶದ ತಂಡ ಗೆದ್ದಾಗಲೂ ಹಮ್ಮರ್‌ನೇಸು ಹಾಗೆ ಕೂಗಿದ್ದಿಲ್ಲ. ಫಿನ್ಲೆಂಡಿನವರು ತಮಗೆ ಇಲ್ಲಿ ಇಷ್ಟು ನೆಂಟರಿದ್ದಾರೆಯೇ ಎಂದು ಬೆಚ್ಚಿ ಸುತ್ತ ನೋಡಿದರು. ಸೆಡೆರ್‌ಹೋಲ್ಮ್ ಟೋಪಿ ಎಸೆದರು. ನಾರ್ವೆಯ ಗೋಲ್‌ಕೀಪರ್ ಬಿದ್ದಲ್ಲೇ ಸಿಟ್ಟಿನಿಂದ ಗೆರೆಯನ್ನು ಗುದ್ದಿದ, ಕೈಗವಸು ಕೆಂಪಾದದ್ದು ಕಂಡು ಮೂಸಿದ, ಆಮೇಲೆ ನೆಕ್ಕಿದ. ನಾರ್ವೆಯವರ ಮಾತು ನಮಗೂ ನಮ್ಮ ಮಾತು ಅವರಿಗೂ ತಿಳಿಯುತ್ತದೆ.

"ಅಮ್ಮಾ, ಇದು ಲಿಂಗನ್ನಾ?" ಎಂದು ಬಲೆಯೊಳಗಿಂದ ಕೇಳಿದ.

"ಹೌದಪ್ಪಾ."

"ನಮ್ಮಮ್ಮ ಸಕ್ಕರೆ ಹಾಕ್ತಾಳೆ."

"ಅದಕ್ಕೇ ನೀವು ಸೋಲ್ತಿರೋದು."

ಅವನು ಬಿದ್ದಲ್ಲೇ ನಕ್ಕ. ಮೂರು ಎರಡಕ್ಕೆ ಪಂದ್ಯ ಮುಗಿಯಿತು. ತಂಡಗಳು ಕೈ ಕುಲುಕಿದವು, ಬನ್ನು ಖಾಲಿಯಾದವು, ಜನ ಚೀಲ ಎತ್ತಿಕೊಂಡು ಹೊರಟರು. ಹಿಲ್ಲೆವಿ ಮಾತ್ರ ಗೋಲಿನ ಹಿಂದೆ ಕೂತೇ ಇದ್ದಳು. ಎರಡು ದಿನ ಮಂಡಿಯ ಮೇಲೆ ಕಳೆದ ಕಾಲುಗಳು ಏಳಲು ಒಪ್ಪುತ್ತಿರಲಿಲ್ಲ. ಸೆಡೆರ್‌ಹೋಲ್ಮ್ ಬಂದು, ಇಂಥ ಐಸು ತಾವು ನೋಡಿಲ್ಲವೆಂದೂ ಒಕ್ಕೂಟಕ್ಕೆ ಹಾಗೆಯೇ ಬರೆಯುವುದಾಗಿಯೂ ಹೇಳಿ ಟೋಪಿ ಹುಡುಕಲು ಹೋದರು. ಫೋಲ್ಕೆ ಎರಡೂ ಕೈ ಚಾಚಿ ಅವಳ ಮುಂದೆ ಬಗ್ಗಿದ.

"ಏಳಿ ಹಿಲ್ಲೆವಕ್ಕ, ಕೈ ಕೊಡಿ. ಪುರಸಭೆಯವ್ರ ಹತ್ರ ಈಗಷ್ಟೇ ಮಾತಾಡ್ದೆ. ಮುಂದಿನ ಚಳಿಗಾಲಕ್ಕೆ ನಿಮ್ಗೆ ಇಬ್ಬರು ಗಂಡಾಳು ಕೊಡ್ತಾರಂತೆ, ನೀರೆಳೆಯೋಕೆ ಒಂದು ಟ್ರ್ಯಾಕ್ಟರೂ ಕೊಡ್ತಾರಂತೆ. ಇನ್ಮೇಲೆ ನೀವು ಸುಮ್ನೆ ನಿಂತು ಹೇಳಿದ್ರೆ ಸಾಕು."

ಹಿಲ್ಲೆವಿ ಅವನ ಕೈಗಳನ್ನು ನೋಡಿದಳು. ಪೊರಕೆಯ ಹಿಡಿ ಹುಡುಕಿ ಮಂಜುಗಡ್ಡೆಗೆ ಊರಿದಳು.

"ಗೆರೆ ಕೆಟ್ಟಿದ್ದಕ್ಕೆ ಹಣ್ಣು ಕೇಳ್ದೆ, ಕೊಟ್ರಿ, ದೊಡ್ಡೋರು ನೀವು. ಈಗ ಐಸೂ ಕೆಟ್ಟಿಲ್ಲ, ನಾನೂ ಕೆಟ್ಟಿಲ್ಲ. ಆ ಇಬ್ಬರನ್ನ ನಿನ್ನ ಬೇಕರಿಗೆ ಹಾಕ್ಕೋ, ನಿನ್ನ ಬನ್ನು ಒಳಗೆ ಇನ್ನೂ ಹಸಿ ಇತ್ತು. ಟ್ರ್ಯಾಕ್ಟರನ್ನ ಪುರಸಭೆಯವ್ರೇ ಹೊಡ್ಕೊಂಡು ತಿರುಗ್ಲಿ. ಕೈ ಹಿಂದಕ್ಕೆ ತಗೋ ಫೋಲ್ಕೆ, ಬೆಳಕಿಗೆ ಅಡ್ಡ ನಿಂತಿದೀಯ. ನಾನೇ ಏಳ್ತೀನಿ."